ಭೂತವನ್ನು ಮಾತಾಡಿಸುತ್ತಿದ್ದ ಭಾವ

ನಮ್ಮ ಭಾವನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅಕ್ಕ ತಬ್ಬಿಬ್ಬಾಗುತ್ತಿದ್ದಳು. ಹಿಂದೆ ಅವರು ಅಂಗಡಿಗಳ ಬೋರ್ಡು ಬರೆಯುತ್ತಿದ್ದಾಗ ಈ ಕಷ್ಟ ಇರಲಿಲ್ಲ. ಬೀದಿಗೆ ಕರೆದುಕೊಂಡು ಹೋಗಿ ಬೆರಳು ತೋರಿಸಿದರೆ ಮುಗಿಯುತ್ತಿತ್ತು. ಈಗಿನದನ್ನು ತೋರಿಸಲು ಬರುವುದಿಲ್ಲ, ವಿವರಿಸಲು ಹೊರಟರೆ ಕೇಳಿದವರೇ ಆಕಳಿಸುತ್ತಾರೆ. ಕೊನೆಗೆ ಒಂದು ದಿನ ಬೇಸತ್ತು ಪಕ್ಕದ ಮನೆಯಾಕೆಗೆ, "ಒಂದು ಭೂತ ಇದೆ ಕಣ್ರೀ, ಅದನ್ನ ಮಾತಾಡಿಸ್ಕೊಂಡು ಕೂತಿರ್ತಾರೆ, ತಿಂಗಳಾದ್ರೆ ಸಂಬಳ ಕೊಡ್ತಾರೆ," ಅಂದುಬಿಟ್ಟಳು. ಆಮೇಲೆ ಎಷ್ಟೋ ವಾರ ಆಕೆ ಭಾವ ಎದುರು ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು.

ಅಕ್ಕ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಕಂಪ್ಯೂಟರಿನೊಳಗೆ ಯಾರ ಕಣ್ಣಿಗೂ ಬೀಳದೆ ಸದಾ ಓಡುತ್ತಲೇ ಇರುವ ಒಂದು ಬಗೆಯ ಪ್ರೋಗ್ರಾಮಿಗೆ ಆ ಕಸುಬಿನವರು ಡೀಮನ್ ಅನ್ನುತ್ತಾರಂತೆ. ಭೂತವೆಂದೇ ಅರ್ಥ. ಭಾವ ನೋಡಿಕೊಳ್ಳುತ್ತಿದ್ದ ಡೀಮನ್ ಕ್ರಿಪ್ಟೋ ಪಾವತಿಯದು. ಕ್ರಿಪ್ಟೋ ಎಂದರೆ ಜೇಬಿನಲ್ಲಿ ಝಣಗುಡುವ ಹಣವಲ್ಲ, ಕಂಪ್ಯೂಟರುಗಳ ಲೆಕ್ಕದಲ್ಲಷ್ಟೇ ಇರುವ ಹಣ. ಗಿರಾಕಿಯೊಬ್ಬ ಇಲ್ಲಿನ ಹೂವಿನಂಗಡಿಗೋ ಸೈಕಲ್ ಅಂಗಡಿಗೋ ಆ ಹಣ ಕಳಿಸಿದರೆ, ಅದಕ್ಕೊಂದು ಬಿಲ್ಲು ತಯಾರಿಸುವುದು, ಹಣ ಬಂತೇ ಎಂದು ಕಾಯುವುದು, ಬಂದದ್ದನ್ನು ಅಂಗಡಿಗೆ ಮುಟ್ಟಿಸುವುದು ಡೀಮನ್ನಿನ ಕೆಲಸ. ಆದರೆ ಅದು ತಾನಾಗಿ ಬಾಯಿ ಬಿಡುವ ಪೈಕಿ ಅಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆದೇಶ ಟೈಪು ಮಾಡಬೇಕು. ಆಗ ಅದು ಎರಡು ಸಾಲು ಉತ್ತರ ಕೊಡುತ್ತದೆ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ.

ಆ ಬರೀ ಅಕ್ಷರವೇ ಭಾವನಿಗೆ ಬೇಕಾಗಿದ್ದದ್ದು. ಅವರಿಗೆ ಕಣ್ಣು ಕಾಣುವುದಿಲ್ಲ.

ಹುಟ್ಟಿನಿಂದ ಹಾಗಿರಲಿಲ್ಲ. ಅಕ್ಕನನ್ನು ಮದುವೆಯಾದಾಗ ಅವರು ಏಣಿಯ ತುದಿಯಲ್ಲಿ ನಿಂತು, ಸುಣ್ಣದ ದಾರ ಹೊಡೆದು ಗೆರೆ ಹಾಕಿಕೊಂಡು, ಆಳುದ್ದದ ಅಕ್ಷರಗಳನ್ನು ಒಂದೇ ಉಸಿರಿಗೆ ಎಳೆಯುತ್ತಿದ್ದರು. ಸಂಜೆ ಮಬ್ಬಾದರೆ ಮಾತ್ರ ಕೆಲಸ ನಿಲ್ಲಿಸಿ ಇಳಿದುಬಿಡುತ್ತಿದ್ದರು. ಸೋಮಾರಿತನ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಆಮೇಲೆ ನಡುಹಗಲಿನಲ್ಲೇ ಪಕ್ಕದಲ್ಲಿಟ್ಟ ಬಣ್ಣದ ಡಬ್ಬಿ ಎಡವತೊಡಗಿದರು. ಒಂದು ಔಷಧಿ ಅಂಗಡಿಯ ಬೋರ್ಡು ಬರೆದು ಕೆಳಗಿಳಿದಾಗ ಅಂಗಡಿಯವನು ತಲೆ ಓರೆ ಮಾಡಿಕೊಂಡು ನೋಡಿದನಂತೆ. ಒಂದೊಂದು ಅಕ್ಷರವೂ ಅಚ್ಚು ಹಾಕಿದ ಹಾಗಿತ್ತು, ಆದರೆ ಸಾಲು ಪೂರಾ ಬಲಕ್ಕೆ ಜಾರಿಕೊಂಡು ಹೋಗಿತ್ತು. ಭಾವನಿಗೆ ಆಗಲೇ ಒಂದು ಸಲಕ್ಕೆ ಒಂದೇ ಅಕ್ಷರ ಕಾಣುತ್ತಿತ್ತು. ಕೊಳವೆಯೊಳಗಿಂದ ನೋಡಿದ ಹಾಗೆ, ಅಕ್ಕಪಕ್ಕದ್ದೆಲ್ಲ ಕತ್ತಲು.

ಡಾಕ್ಟರು ದೀಪ ಬಿಟ್ಟು, ಮಸೂರ ಹಿಡಿದು, ಬಹಳ ಹೊತ್ತು ನೋಡಿದರು. ಕಣ್ಣಿನ ಒಳಪದರ ಅಂಚಿನಿಂದ ಒಳಕ್ಕೆ ಒಣಗುತ್ತಾ ಬರುತ್ತಿದೆ, ಇದು ರಕ್ತದಲ್ಲೇ ಬಂದದ್ದು, ಮದ್ದಿಲ್ಲ ಎಂದರು. ಮಕ್ಕಳಿದ್ದಾರೆಯೇ ಎಂದೂ ಕೇಳಿದರು. ಆಗ ಅಕ್ಕನ ಮಗಳು ತೊಡೆಯ ಮೇಲಿನ ಕೂಸು. ಹಕ್ಕಿಯಷ್ಟಿದ್ದಳೆಂದು ಎಲ್ಲರೂ ಗುಬ್ಬಿ ಅನ್ನುತ್ತಿದ್ದರು.

ಉಳಿದ ಬೆಳಕೂ ಹೋದ ಮೇಲೆ ಭಾವ ಕೆಲವು ವರ್ಷ ಮನೆಯಲ್ಲೇ ಕೂತರು. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿಕೊಂಡಳು. ಭಾವ ಮಾತು ಕಮ್ಮಿ ಮಾಡಿದರು, ಊಟ ಕಮ್ಮಿ ಮಾಡಿದರು, ಕೊನೆಗೆ ಗಡ್ಡ ಬೋಳಿಸುವುದನ್ನೂ ಬಿಟ್ಟರು. ಅಂಧರ ತರಬೇತಿ ಕೇಂದ್ರಕ್ಕೆ ನಾನೇ ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡು ಹೋದೆ. ನನ್ನದು ಸಾಮಾನು ಸಾಗಿಸುವ ವ್ಯಾನು. ಹೇಗೂ ದಿನಾ ಆ ಕಡೆ ಹೋಗುತ್ತಿದ್ದೆ.

ಅಲ್ಲಿನ ಮೇಷ್ಟ್ರಿಗೂ ಕಣ್ಣಿಲ್ಲ. ಕಂಪ್ಯೂಟರಿಗೆ ಓದುವ ದನಿಯೊಂದನ್ನು ಸೇರಿಸಿರುತ್ತಾರೆ, ಪರದೆಯ ಮೇಲೆ ಏನು ಬರೆದಿದೆಯೋ ಅದನ್ನದು ಕಿವಿಗೆ ಹೇಳುತ್ತದೆ ಎಂದು ಅವರು ತೋರಿಸಿಕೊಟ್ಟರು. ಮೊದಲ ತಿಂಗಳು ಭಾವನಿಗೆ ತಲೆಚಿಟ್ಟು ಹಿಡಿಯಿತು. ವೆಬ್‌ಪುಟ ತೆರೆದರೆ ಆ ದನಿ ಜಾಹೀರಾತನ್ನೂ ಓದುತ್ತದೆ, ಹೆಸರಿಲ್ಲದ ಚಿತ್ರವನ್ನೂ ಓದುತ್ತದೆ, ಬೇಕಾದ್ದೊಂದನ್ನು ಬಿಟ್ಟು ಊರ ಉಸಾಬರಿಯನ್ನೆಲ್ಲ ಹೇಳುತ್ತದೆ. ಆಮೇಲೆ ಮೇಷ್ಟ್ರು ಕಪ್ಪು ಪರದೆ ತೆರೆದುಕೊಟ್ಟರು. ಅಲ್ಲಿ ಒಂದು ಸಾಲು ಕೇಳಿದರೆ ಅದಕ್ಕೆ ತಕ್ಕ ಉತ್ತರ, ಅಷ್ಟೇ. ಅವತ್ತು ವ್ಯಾನಿನಲ್ಲಿ ಮನೆಗೆ ಬರುತ್ತಾ ಭಾವ ನನ್ನ ಹೆಗಲು ಹಿಡಿದು, "ಇದು ದಾರ ಹೊಡೆದು ಗೆರೆ ಹಾಕಿದ ಹಾಗಿದೆ ಕಣೋ. ಸಾಲು ಜಾರಲ್ಲ," ಅಂದರು. ಅವರ ಆ ಹುರುಪಿನ ದನಿ ನಾನು ಕೇಳಿ ವರ್ಷಗಳಾಗಿದ್ದವು.

ಕೆಲಸ ಸಿಕ್ಕಿದ್ದೂ ಮೇಷ್ಟ್ರಿಂದಲೇ. ಸೈಕಲ್ ಬಿಡಿಭಾಗ ಮಾರುತ್ತಿದ್ದ ಒಬ್ಬರು ಆ ಅಂಗಡಿ ಮುಚ್ಚಿ ಈ ಕ್ರಿಪ್ಟೋ ಪಾವತಿಯ ಕಂಪನಿ ತೆರೆದಿದ್ದರು. ಟೈರ್ ಅಂಗಡಿಯ ಮೇಲೆ ಎರಡು ಕೋಣೆ, ನಾಲ್ಕು ಮೇಜು, ಸದಾ ಗುಯ್‌ಗುಡುವ ಒಂದು ಯಂತ್ರ. ಡೀಮನ್ನಿನ ಮುಂದೆ ಕೂತು ಆದೇಶ ಕೊಡುವವರು ಬೇಕಾಗಿತ್ತು. ಬಂದ ಹುಡುಗರೆಲ್ಲ ಎರಡೇ ವಾರಕ್ಕೆ ಬೇಜಾರಾಗಿ ಬಿಟ್ಟುಹೋಗುತ್ತಿದ್ದರು. ಮಾಲೀಕರಿಗೆ ಭಾವನ ಮೇಲೆ ನಂಬಿಕೆ ಇರಲಿಲ್ಲ, ಆದರೆ ಬೇರೆ ಗತಿಯೂ ಇರಲಿಲ್ಲ. ನೋಡೋಣ, ಒಂದು ತಿಂಗಳು ಎಂದರು. ತಿಂಗಳು ವರ್ಷಗಳಾದವು.

ಬೆಳಿಗ್ಗೆ ನಾನು ವ್ಯಾನಿನಲ್ಲಿ ಬಿಟ್ಟು ಬರುತ್ತಿದ್ದೆ. ರಬ್ಬರಿನ ವಾಸನೆ ಬಂದ ಕೂಡಲೆ ಭಾವ ನನ್ನ ಕೈ ಬಿಟ್ಟು ತಾವೇ ಮೆಟ್ಟಿಲು ಹತ್ತುತ್ತಿದ್ದರು. ಒಂದು ಕಿವಿಗೆ ಆ ಓದುವ ದನಿ, ಇನ್ನೊಂದಕ್ಕೆ ಫೋನು. ದನಿಯ ವೇಗವನ್ನು ಎಷ್ಟು ಏರಿಸಿದ್ದರೆಂದರೆ ನಮಗೆ ಅದು ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ ಕೇಳುತ್ತಿತ್ತು. ಮೊದಲು 'ಗೆಟ್ ಇನ್ಫೋ' ಎಂದು ಹೊಡೆದು ಡೀಮನ್ನಿನ ಆರೋಗ್ಯ ವಿಚಾರಿಸುವುದು. ರಾತ್ರಿಯ ಲೆಕ್ಕದಲ್ಲಿ ಅದು ಹಿಂದೆ ಬಿದ್ದಿದ್ದರೆ ಸುಧಾರಿಸಿಕೊಳ್ಳಲು ಬಿಟ್ಟು ಕಾಫಿ ಕುಡಿಯುವುದು. ಆಮೇಲೆ ಬಿಲ್ಲುಗಳು. ಹೂವಿನಂಗಡಿಯಾಕೆ ಫೋನು ಮಾಡಿ, "ಬಂತಾ ನೋಡಿಪ್ಪಾ, ಗಿರಾಕಿ ಮುಖ ನೋಡ್ತಾ ನಿಂತವ್ರೆ," ಅಂದರೆ ಒಂದು ಸಾಲು ಹೊಡೆದು, "ಬಂತು ತಾಯಿ, ಹೂ ಕೊಟ್ಟು ಕಳ್ಸಿ," ಅನ್ನುವುದು. ಭೂತವನ್ನು ಆಳುವವರೆಂದು ಕಚೇರಿಯವರು ಅವರಿಗೆ 'ಮಂತ್ರವಾದಿ' ಎಂದು ಹೆಸರಿಟ್ಟಿದ್ದರು. ಭಾವನಿಗೆ ಆ ಹೆಸರು ಬಹಳ ಇಷ್ಟ. ಇಷ್ಟವಿಲ್ಲವೆಂದು ಗೊಣಗುತ್ತಿದ್ದರು.

ತಪ್ಪುಗಳೂ ಆಗುತ್ತಿದ್ದವು. ಒಂದು ಸಲ ಸೈಕಲ್ ಅಂಗಡಿಯ ಬಿಲ್ಲನ್ನು ಹೂವಿನಂಗಡಿಗೆ ಕಳಿಸಿ, ಯಾರದೋ ಮದುವೆಯ ಹೂವಿಗೆ ಎರಡು ಸೈಕಲ್ ಟೈರಿನ ವಿವರ ಹೋಗಿ, ಕಚೇರಿ ಒಂದು ವಾರ ನಕ್ಕಿತು. ಭಾವನೂ ನಕ್ಕರು. ಎಲ್ಲರ ಹಾಗೆ ತಾವೂ ತಪ್ಪು ಮಾಡಿ ಬೈಸಿಕೊಂಡದ್ದು ಅವರಿಗೆ ಒಂಥರಾ ಹೆಮ್ಮೆಯೇ ಆಗಿತ್ತು.

ಗುಬ್ಬಿ ಹೈಸ್ಕೂಲಿಗೆ ಸೇರಿದ ವರ್ಷ, ಒಂದು ಸಂಜೆ ಶಾಲೆಯಿಂದ ಬರುತ್ತಾ ಮನೆಯ ಮುಂದೆ ನಿಲ್ಲಿಸಿದ್ದ ಸೈಕಲ್ಲಿಗೆ ಡಿಕ್ಕಿ ಹೊಡೆದು ಬಿದ್ದಳು. ಮೊಣಕಾಲು ತರಚಿತ್ತು, ಅಷ್ಟೇ. ಆದರೆ ಅಕ್ಕ ಆ ಸೈಕಲ್ಲನ್ನು ದಿಟ್ಟಿಸುತ್ತಾ ನಿಂತುಬಿಟ್ಟಳು. ಬಿಳಿ ಸೈಕಲ್ಲು, ಮಬ್ಬಿನಲ್ಲೂ ಕಾಣುತ್ತಿತ್ತು.

ಆಸ್ಪತ್ರೆಗೆ ಅಕ್ಕ ಮತ್ತು ನಾನು ಕರೆದುಕೊಂಡು ಹೋದೆವು. ಅದೇ ದೀಪ, ಅದೇ ಮಸೂರ, ಅದೇ ಮಾತು. ವಾಪಸು ಬರುವಾಗ ಅಕ್ಕ ಅಳಲಿಲ್ಲ. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ನೀನೇ ಹೇಳು ಅವ್ರಿಗೆ," ಎಂದು ಒಳಗೆ ಹೋದಳು.

ನಾನು ಹೇಳಿದೆ. ಭಾವ ಮಂಚದ ಅಂಚು ಸವರಿ ಜಾಗ ಮಾಡಿದರು. ಆಮೇಲೆ ಗುಬ್ಬಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಅಪ್ಪ, ನಂಗೂ ನಿನ್ನ ಥರಾನೇ ಆಗುತ್ತಾ?" ಎಂದು ಅವಳೇ ಕೇಳಿದಳು.

"ಆಗಬಹುದು ಕಂದ. ಸುಳ್ಳು ಹೇಳಲ್ಲ. ಆದ್ರೆ ನನಗೆ ಆದಾಗ ನಂಗೇನೂ ಗೊತ್ತಿರ್ಲಿಲ್ಲ. ನಿಂಗೆ ಎಲ್ಲಾ ಮೊದ್ಲೇ ಗೊತ್ತಿರುತ್ತೆ. ಕಣ್ಣು ಹೋದ್ರೂ ದುಡಿಯೋದಕ್ಕೆ ದಾರಿ ಇದೆ. ನಾನಿಲ್ವಾ?"

ಅಂದಿನಿಂದ ಪ್ರತಿ ಸಂಜೆ ಪಾಠ. ಗುಬ್ಬಿಯ ಕಣ್ಣಿಗೆ ಅಕ್ಕನ ಹಳೆಯ ದುಪಟ್ಟಾ ಕಟ್ಟಿ, ಕೀಲಿಮಣೆಯ ಮೇಲೆ ಅವಳ ಬೆರಳಿಟ್ಟು, ಆದೇಶಗಳನ್ನು ಹೇಳಿಕೊಡುತ್ತಿದ್ದರು. ನಿಜವಾದ ಹಣವಿಲ್ಲದ, ಕಲಿಯುವವರಿಗೆಂದೇ ಇರುವ ಒಂದು ಡೀಮನ್ನನ್ನು ಮನೆಯ ಹಳೆಯ ಕಂಪ್ಯೂಟರಿನಲ್ಲಿ ಹಾಕಿಕೊಂಡಿದ್ದರು. ಅಪ್ಪ ಬಿಲ್ಲು ಮಾಡುವುದು, ಮಗಳು ಪಾವತಿಸುವುದು. ಹೂವಿನಂಗಡಿ ಆಟ ಎಂದು ಗುಬ್ಬಿ ನಗುತ್ತಿದ್ದಳು. ಅಡುಗೆಮನೆಯಿಂದ ಅಕ್ಕ ಕಿವಿಗೊಟ್ಟು ಕೇಳುತ್ತಿದ್ದಳು. ಆ ಡೀಮನ್ನಿನ ಮೇಲೆ ಅವಳಿಗಿದ್ದ ನಂಬಿಕೆ ಯಾವ ಡಾಕ್ಟರ ಮೇಲೂ ಇರಲಿಲ್ಲ.

ಎಲ್ಲ ಸರಿಯಾಗಿದ್ದಾಗಲೇ ಮಾಲೀಕರು ಕಂಪನಿಯ ಬಹುಪಾಲನ್ನು ಇನ್ನೊಂದು ದೊಡ್ಡ ಕಂಪನಿಗೆ ಮಾರಿದರು. ಬಂದವರು ಕೆಟ್ಟವರಲ್ಲ. ಗೋಡೆಗೆ ಬಣ್ಣ ಹೊಡೆಸಿದರು, ಒಳ್ಳೆಯ ಕುರ್ಚಿ ತರಿಸಿದರು, ಸಂಬಳ ಕಡಿಮೆ ಮಾಡಲಿಲ್ಲ. ಆದರೆ ಕಪ್ಪು ಪರದೆಯಲ್ಲಿ ನೇರವಾಗಿ ಡೀಮನ್ನಿಗೆ ಆದೇಶ ಕೊಡುವುದು ಅಪಾಯವಂತೆ. ಒಂದು ಅಕ್ಷರ ತಪ್ಪಿದರೆ ಹಣ ಎಲ್ಲಿಗೋ ಹೋಗಿ, ವಾಪಸು ತರಲಾಗುವುದಿಲ್ಲವಂತೆ. ಅದೂ ನಿಜವೇ. ಹಾಗಾಗಿ ಅವರು ಒಂದು ಪ್ಯಾನೆಲ್ ಮಾಡಿಸಿದರು. ಬ್ರೌಸರಿನಲ್ಲಿ ತೆರೆದುಕೊಳ್ಳುವ ಅಂದವಾದ ಪುಟ, ಬಣ್ಣದ ಗುಂಡಿಗಳು, ಏರಿಳಿಯುವ ನಕ್ಷೆಗಳು. ಎಲ್ಲರೂ ಅದರಲ್ಲೇ ಕೆಲಸ ಮಾಡಬೇಕು. ಕಪ್ಪು ಪರದೆಗೆ ಬೀಗ.

ಮೊದಲ ದಿನ ಭಾವ ಪ್ಯಾನೆಲ್ ತೆರೆದರು. ಕಿವಿಯಲ್ಲಿನ ದನಿ, "ಬಟನ್. ಬಟನ್. ಬಟನ್. ಚಿತ್ರ. ಬಟನ್," ಎಂದಿತು. ಗುಂಡಿಗಳ ಮೇಲೆ ಇದ್ದದ್ದು ಚಿತ್ರ, ಅಕ್ಷರವಲ್ಲ. ನೋಡುವವರಿಗೆ ಬಾಣದ ಗುರುತು, ಗಡಿಯಾರದ ಗುರುತು. ದನಿಗೆ ಎಲ್ಲವೂ ಬಟನ್.

ಪ್ಯಾನೆಲ್ ಮಾಡಿದ ಎಂಜಿನಿಯರ್ ಹುಡುಗಿ ಮೃದು ಸ್ವಭಾವದವಳು. ಭಾವ ಕಷ್ಟ ಹೇಳಿಕೊಂಡಾಗ ನಾಲಿಗೆ ಕಚ್ಚಿಕೊಂಡಳಂತೆ. ಇದು ತನಗೆ ಹೊಳೆದೇ ಇರಲಿಲ್ಲ ಎಂದು, ಅವತ್ತೇ ಕೂತು ಮುಖ್ಯವಾದ ಕೆಲವು ಗುಂಡಿಗಳಿಗೆ ಹೆಸರು ಹಾಕಿಕೊಟ್ಟಳು. ಭಾವ ಮನೆಗೆ ಬಂದು, ಕೇಳಿದರೆ ಕೊಡುತ್ತಾರೆ, ಜನ ಒಳ್ಳೆಯವರು ಎಂದು ಅಕ್ಕನಿಗೆ ಹೇಳಿದರು. ಮುಂದಿನ ವಾರ ಪ್ಯಾನೆಲ್‌ನ ಹೊಸ ಆವೃತ್ತಿ ಬಂತು. ಹೆಸರುಗಳೆಲ್ಲ ಅಳಿಸಿಹೋದವು. ಮತ್ತೆ ಕೇಳಿದಾಗ ಅವಳು ಮುಂದಿನ ಆವೃತ್ತಿಯಲ್ಲಿ ಖಂಡಿತ ಎಂದಳು. ಅವಳ ಮೇಲಿನವರು ಅವಳಿಗೆ ಬೇರೆ ಕೆಲಸ ಹಚ್ಚಿದ್ದರು. ಆಮೇಲಾಮೇಲೆ ಭಾವನ ಹೆಜ್ಜೆ ಸಪ್ಪಳ ಕೇಳಿದರೆ ಅವಳು ಫೋನಿನಲ್ಲಿ ಮಾತಾಡತೊಡಗುತ್ತಿದ್ದಳಂತೆ. "ಆ ಕಡೆ ಯಾರೂ ಇರಲ್ಲ ಕಣೋ," ಅಂದರು ಭಾವ. "ಉತ್ತರ ಕೇಳಿಸ್ಕೊಳ್ಳೋಕೆ ಬಿಡೋ ಗ್ಯಾಪೇ ಇರಲ್ಲ ಅವಳ ಮಾತಲ್ಲಿ."

ಅಕ್ಕ ರಜೆ ಹಾಕಿ ಕಚೇರಿಗೆ ಹೋದಳು. ತಾನು ಪಕ್ಕದಲ್ಲಿ ಕೂತು ಗುಂಡಿಗಳನ್ನು ಓದಿ ಹೇಳುತ್ತೇನೆ, ಸಂಬಳ ಬೇಡ ಎಂದಳು. ಹೊರಗಿನವರು ಪಾವತಿಯ ಪರದೆ ನೋಡುವಂತಿಲ್ಲ, ನಿಯಮ ಎಂದರು. ಅಕ್ಕ ಮೆಟ್ಟಿಲಿಳಿದು ಟೈರ್ ಅಂಗಡಿಯ ಮುಂದೆ ನಿಂತಿದ್ದಳು. ನಾನು ವ್ಯಾನು ತಂದಾಗ ಏನೂ ಆಗದವಳ ಹಾಗೆ ಹತ್ತಿ ಕೂತಳು.

ಭಾವ ಈ ಸಲ ಸುಮ್ಮನೆ ಕೂರಲಿಲ್ಲ. ಗುಂಡಿಗಳ ಜಾಗವನ್ನೇ ಬಾಯಿಪಾಠ ಮಾಡಿದರು. ಇಷ್ಟು ಸಲ ಮುಂದೆ ಹೋದರೆ ಬಿಲ್ಲು, ಅಲ್ಲಿಂದ ಹಿಂದೆ ಬಂದರೆ ಹುಡುಕು, ಹೀಗೆ. ಸ್ವಲ್ಪ ದಿನ ನಡೆಯಿತು ಕೂಡ. ಒಂದು ಮಧ್ಯಾಹ್ನ ಯಾರೋ ಪುಟದಲ್ಲಿ ಹೊಸದೊಂದು ಗುಂಡಿ ಸೇರಿಸಿದ್ದರು. ಭಾವ ಹಣ ಬಂತೇ ನೋಡಲು ಒತ್ತಿದ್ದು ಡೀಮನ್ನನ್ನೇ ನಿಲ್ಲಿಸುವ ಗುಂಡಿಯಾಗಿತ್ತು. ಒಂದು ಎಚ್ಚರಿಕೆಯ ಚೌಕ ಬಂದಿರಬೇಕು. ದನಿ ಅದಕ್ಕೂ ಬಟನ್ ಎಂದಿತು. ಅಂಗಡಿಗಳಲ್ಲೆಲ್ಲ ಪಾವತಿ ನಿಂತುಹೋಯಿತು. ಫೋನುಗಳು ಒಂದೇ ಸಮನೆ ಹೊಡೆದುಕೊಂಡವು. ಕಪ್ಪು ಪರದೆಗೆ ಬೀಗವಿದ್ದುದರಿಂದ ದೊಡ್ಡ ಕಂಪನಿಯವರು ಬಂದು ಮತ್ತೆ ಶುರು ಮಾಡುವ ಹೊತ್ತಿಗೆ ಸಂಜೆಯಾಗಿತ್ತು.

ಯಾರೂ ಬೈಯಲಿಲ್ಲ. ಭಾವ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಟೈರಿನ ಬಿಲ್ಲು ತಪ್ಪಿದಾಗ ಎಲ್ಲರೂ ಸೇರಿ ಬೈದು ನಕ್ಕಿದ್ದರು. ಈ ಸಲ ಒಬ್ಬರು ಬಂದು ಹೆಗಲು ತಟ್ಟಿ, ಪರವಾಗಿಲ್ಲ ಬಿಡಿ ಎಂದು ಹೋದರಂತೆ, ಅಷ್ಟೇ.

ಕೆಲವು ದಿನಗಳ ಮೇಲೆ ಹಳೆಯ ಮಾಲೀಕರೇ ಕರೆಸಿಕೊಂಡರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವರು ಬಹಳ ಸುತ್ತಿ ಬಳಸಿ ಮಾತಾಡಿದರು. ಕಂಪನಿ ಬೆಳೆಯುತ್ತಿದೆ, ಕೆಲಸದ ಸ್ವರೂಪ ಬದಲಾಗಿದೆ, ಮೂರು ತಿಂಗಳ ಸಂಬಳ ಕೊಡುತ್ತೇವೆ.

"ಇದ್ರಲ್ಲಿ ನಿಮ್ಮ ತಪ್ಪು ಏನೇನೂ ಇಲ್ಲ," ಅಂದರು.

"ತಪ್ಪು ಯಾರ್ದು ಅಂತ ನಾನು ಕೇಳ್ತಿಲ್ಲ ಸಾರ್," ಅಂದರು ಭಾವ. "ಕಪ್ಪು ಪರದೆ ಒಂದನ್ನ ನನಗೆ ಬಿಟ್ಕೊಡಿ. ಬರೀ ನೋಡೋ ಆದೇಶ ಸಾಕು, ಕಳ್ಸೋದು ಬೇಡ. ನನ್ನ ಮಗಳಿಗೆ..." ಅಲ್ಲಿಗೆ ನಿಲ್ಲಿಸಿದರು.

ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಕೈಲಿ ಇದ್ದಿದ್ರೆ ಮಾಡ್ತಿದ್ದೆ. ನಾನೂ ಈಗ ಇಲ್ಲಿ ಸಂಬಳಕ್ಕಿರೋನೇ."

ಅದೂ ಸುಳ್ಳಲ್ಲ. ಜಗಳ ಆಡಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸಿತು. ಭಾವ ಎದ್ದು, ಮೇಜಿನ ಅಂಚು ಹಿಡಿದುಕೊಂಡು ತಮ್ಮ ಜಾಗಕ್ಕೆ ಹೋಗಿ, ಕಿವಿಗೆ ಹಾಕಿಕೊಳ್ಳುವ ಯಂತ್ರವನ್ನು ಜೇಬಿಗಿಟ್ಟುಕೊಂಡು ಬಂದರು. ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೊಂಡರು.

ಆಮೇಲೆ ಬೇರೆ ಕೆಲಸ ಹುಡುಕಿದ್ದು ಒಂದು ದೊಡ್ಡ ಕತೆ. ಮೇಷ್ಟ್ರು ಎಲ್ಲ ಕಡೆ ಕೇಳಿದರು. ಕಪ್ಪು ಪರದೆಯ ಕೆಲಸ ಇರುವ ಕಡೆ ದೊಡ್ಡ ಓದು ಓದಿದವರು ಬೇಕು, ಉಳಿದ ಕಡೆಯೆಲ್ಲ ಇಂಥದೇ ಪ್ಯಾನೆಲ್. ಕೊನೆಗೆ ಒಂದು ಕಂಪನಿ ಅಂಗವಿಕಲರೂ ಅರ್ಜಿ ಹಾಕಬಹುದು ಎಂದಿತ್ತು. ಭಾವ ಒಂದು ಭಾನುವಾರ ಕಂಪ್ಯೂಟರಿನ ಮುಂದೆ ಕೂತು ಆ ಅರ್ಜಿ ತುಂಬಿದರು. ಎಲ್ಲಾ ಆಗಿ ಕಳಿಸುವ ಹೊತ್ತಿಗೆ ಒಂದು ಪರೀಕ್ಷೆ ಬಂತು. ಅರ್ಜಿ ಹಾಕುತ್ತಿರುವುದು ಮನುಷ್ಯನೇ, ಯಂತ್ರವಲ್ಲ ಎಂದು ತೋರಿಸಲು ಬಸ್ಸಿರುವ ಚಿತ್ರಗಳನ್ನೆಲ್ಲ ಒತ್ತಬೇಕು. ಕಿವಿಯಲ್ಲಿ ಕೇಳಿ ಉತ್ತರಿಸುವ ದಾರಿಯೂ ಇತ್ತು, ಆದರೆ ಅದು ಒತ್ತಿದರೂ ತೆರೆದುಕೊಳ್ಳಲಿಲ್ಲ.

"ಭೂತದ ಜೊತೆ ಇಷ್ಟು ವರ್ಷ ಇದ್ದೆ ನೋಡು, ಅನುಮಾನ ಬಂದಿರಬೇಕು," ಎಂದು ಭಾವ ನಕ್ಕು, "ಗುಬ್ಬೀ, ಬಾರೇ, ಬಸ್ಸು ಎಲ್ಲೆಲ್ಲಿದೆ ಒತ್ತು," ಎಂದು ಕರೆದರು.

ಗುಬ್ಬಿ ಬಂದು ಟಕಟಕನೆ ಒತ್ತಿದಳು. ದನಿ, ಎಲ್ಲವನ್ನೂ ಆರಿಸಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ ಎಂದಿತು. ಅವಳು ಪರದೆಗೆ ಮುಖ ಹತ್ತಿರ ತಂದು, ಕತ್ತು ಅತ್ತ ಇತ್ತ ಆಡಿಸುತ್ತಾ ಹುಡುಕಿದಳು. ನಾನು ಹಿಂದೆ ನಿಂತಿದ್ದೆ. ಮೂಲೆಯ ಚಿತ್ರ ಸಂಜೆ ಹೊತ್ತಿನದು. ಮಂಕು ಬೀದಿಯಲ್ಲಿ ಬಸ್ಸೊಂದು ನಿಂತಿತ್ತು. ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ಬೆರಳು ಅದರ ಪಕ್ಕದಲ್ಲೇ ಎರಡು ಸಲ ಹಾದುಹೋಯಿತು.

ನಾನು ಕೈ ಚಾಚಿ ಅದನ್ನು ಒತ್ತಿದೆ. ಅರ್ಜಿ ಹೋಯಿತು.

"ಯಾವುದು ಬಿಟ್ಟೋಗಿತ್ತು?" ಭಾವ ಕೇಳಿದರು.

"ಎಲ್ಲೋ ಚಿಕ್ಕದು ಭಾವ. ನಂಗೇ ಸರಿಯಾಗಿ ಕಾಣ್ಲಿಲ್ಲ," ಅಂದೆ.

ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಕೀಲಿಮಣೆಯ ಮೇಲಿದ್ದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವತ್ತು ಪಾಠ ಆಗಲಿಲ್ಲ, ಮಾರನೆಯ ದಿನವೂ ಆಗಲಿಲ್ಲ. ಗುಬ್ಬಿ ಒಂದೆರಡು ಸಲ ದುಪಟ್ಟಾ ಹಿಡಿದುಕೊಂಡು ಬಂದು ನಿಂತಳು. ಭಾವ, ಇನ್ನೂ ಬಿಸಿಲಿದೆ, ಗೆಳತಿಯರ ಜೊತೆ ಹೊರಗೆ ಹೋಗು, ಕಣ್ತುಂಬ ಏನಾದರೂ ನೋಡಿಕೊಂಡು ಬಾ ಎಂದರು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಆ ಕಂಪನಿಯಿಂದ ಉತ್ತರ ಬರಲಿಲ್ಲ. ಈಗ ಭಾವ ಅಕ್ಕನ ಜೊತೆ ಆಸ್ಪತ್ರೆಗೇ ಹೋಗುತ್ತಾರೆ. ಒಗೆದು ಒಣಗಿದ ಹಾಸಿಗೆ ವಸ್ತ್ರಗಳನ್ನು ಅಂಚು ಸವರಿ ಮಡಚುವ ಕೆಲಸ, ತುಂಡಿಗಿಷ್ಟು ಎಂದು ಕೊಡುತ್ತಾರೆ. ಹೊಸ ಮಡಚುವ ಯಂತ್ರ ಬರುತ್ತದೆ ಎಂದು ಅಲ್ಲಿ ಎಲ್ಲರೂ ಮಾತಾಡಿಕೊಳ್ಳುತ್ತಿದ್ದಾರೆ. ಗುಬ್ಬಿಯನ್ನು ತರಗತಿಯಲ್ಲಿ ಮುಂದಿನ ಬೆಂಚಿಗೆ ಕೂರಿಸಿದ್ದಾರೆ.

ಹೋದ ವಾರ ಇಬ್ಬರನ್ನೂ ಆಸ್ಪತ್ರೆಗೆ ಬಿಡಲು ಹೋಗುತ್ತಿದ್ದೆ. ಅಕ್ಕ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಗೇಟು ಹತ್ತಿರ ಬಂದಾಗ ಭಾವ ನನ್ನ ಕಡೆ ತಿರುಗಿ, "ಗುಬ್ಬಿಗೆ ಈಗ ಏನು ಕಲಿಸ್ಲಿ ಅಂತ ನೀನೇ ಹೇಳು," ಅಂದರು.

ಗೇಟಿನವನು ಕೈ ಬೀಸಿ ಒಳಗೆ ಬಿಟ್ಟ. ವ್ಯಾನನ್ನು ಬಟ್ಟೆ ವಿಭಾಗದ ಬಾಗಿಲಿಗೆ ಹತ್ತಿರ ನಿಲ್ಲಿಸಿ, ಅಕ್ಕನನ್ನು ಎಬ್ಬಿಸಿದೆ.